ದಕ್ಷಿಣ ಅಮೆರಿಕದ ಗಿಡಗಳು ಮತ್ತು ಅವುಗಳಿಂದ ಬಂದ ಔಷಧಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೇರಿಯಾ ಮಾತ್ರೆಯಿಂದ ಹಿಡಿದು ಆಪರೇಷನ್ ಥಿಯೇಟರಿನ ಚುಚ್ಚುಮದ್ದಿನವರೆಗೆ ಎಷ್ಟೋ ಔಷಧಿಗಳ ಬೇರು ಆಂಡಿಸ್ ಬೆಟ್ಟಗಳಲ್ಲಿ, ಅಮೆಜಾನ್ ಕಾಡಿನಲ್ಲಿ ಇದೆ. ವಿದ್ಯಾರ್ಥಿಗಳು, ತೋಟದವರು, ರೋಗಿಗಳ ಮನೆಯವರು ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕು ಸಾಲು ಸಾಕಾಗಿದೆ. ಆ ಗಿಡಗಳ ಗುಣವನ್ನು ಮೊದಲು ಕಂಡುಕೊಂಡ ಕಾಡಿನ ಜನರ ಪಾಲು ಎಷ್ಟು ದೊಡ್ಡದು ಅನ್ನೋದು ಓದುವವರಿಗೆ ಗೊತ್ತಾಗಬೇಕು ಅನ್ನೋದು ನನ್ನ ಆಸೆ.

ಗಿಡಗಳು ಇಂಥ ರಾಸಾಯನಿಕಗಳನ್ನು ಯಾಕೆ ತಯಾರಿಸುತ್ತವೆ? ನಮಗೋಸ್ಕರಾನಾ?

ನಮಗೋಸ್ಕರ ಖಂಡಿತ ಅಲ್ಲ. ಗಿಡ ಓಡಿಹೋಗಲಾರದು. ಹುಳ, ಶಿಲೀಂಧ್ರ, ಮೇಯುವ ಪ್ರಾಣಿ ಬಂದಾಗ ಕಹಿ ಅಥವಾ ವಿಷವೇ ಅದರ ಕಾವಲು. ಬಿಸಿ, ಮಳೆ ಎರಡೂ ಜಾಸ್ತಿ ಇರುವ ಕಾಡಿನಲ್ಲಿ ಹುಳಗಳ ಕಾಟವೂ ಜಾಸ್ತಿ. ಆಂಡಿಸ್‌ನ ಪೂರ್ವದ ಇಳಿಜಾರಿನಲ್ಲಂತೂ ಕೆಲವೇ ಕಿಲೋಮೀಟರ್ ಕೆಳಗಿಳಿದರೆ ಹವೆ ಬದಲಾಗುತ್ತದೆ, ಗಿಡಗಳ ಜಾತಿಯೂ ಬದಲಾಗುತ್ತದೆ. ಅದಕ್ಕೇ ಅಲ್ಲಿ ಇಷ್ಟು ಬಗೆಯ ರಾಸಾಯನಿಕಗಳು ಸಿಗುತ್ತವೆ. ಅವುಗಳಲ್ಲಿ ಕೆಲವು ನಮ್ಮ ನರ, ಹೃದಯ, ಕರುಳಿನ ಮೇಲೂ ಕೆಲಸ ಮಾಡುತ್ತವೆ. ಸರಿಯಾದ ಅಳತೆಯಲ್ಲಿ ಕೊಟ್ಟರೆ ಅದು ಔಷಧಿ, ಅಳತೆ ಮೀರಿದರೆ ಆಪತ್ತು.

ಸಿಂಕೋನಾ ಅಂದರೆ ಯಾವ ಮರ? ಕ್ವಿನೈನ್ ಅದರಿಂದ ಹೇಗೆ ಸಿಕ್ಕಿತು?

ಸಿಂಕೋನಾ ನಮ್ಮ ಕಾಫಿ ಗಿಡದ ಕುಟುಂಬಕ್ಕೇ ಸೇರಿದ ಮರ. ಕೊಲಂಬಿಯಾದಿಂದ ಬೊಲಿವಿಯಾವರೆಗೆ ಆಂಡಿಸ್‌ನ ಮೋಡ ಮುಸುಕಿದ ಕಾಡುಗಳಲ್ಲಿ ಬೆಳೆಯುತ್ತದೆ. ಪೆರು ದೇಶದ ಲಾಂಛನದಲ್ಲಿ ಈ ಮರದ ಚಿತ್ರವೇ ಇದೆ.

ಇದರ ತೊಗಟೆಯ ಪುಡಿ ಜ್ವರ ಇಳಿಸುತ್ತದೆ ಅನ್ನೋ ಸುದ್ದಿಯನ್ನು 17ನೇ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ಯುರೋಪಿಗೆ ಒಯ್ದರು. ಪೆರುವಿನ ವೈಸ್‌ರಾಯ್ ಹೆಂಡತಿ, ಚಿಂಚೋನ್ ಕೌಂಟೆಸ್, ಇದರಿಂದ ಗುಣವಾದಳು ಅನ್ನೋ ಕಥೆ ತುಂಬಾ ಪುಸ್ತಕಗಳಲ್ಲಿ ಬರುತ್ತದೆ. ಅದಕ್ಕೆ ಆಧಾರ ಇಲ್ಲ, ದಯವಿಟ್ಟು ಅದನ್ನು ಮತ್ತೆ ಹಂಚಬೇಡಿ. ಫ್ರೆಂಚ್ ವಿಜ್ಞಾನಿ ಲಾ ಕೊಂಡಮೀನ್ 1737ರಲ್ಲಿ ಈಗಿನ ಈಕ್ವೆಡಾರ್‌ನ ಲೋಹಾ ಪ್ರದೇಶಕ್ಕೆ ಹೋಗಿ ಮರವನ್ನು ಕಣ್ಣಾರೆ ನೋಡಿ, ಬಳಿಕ ಅದರ ವಿವರಣೆ ಪ್ರಕಟಿಸಿದ. ಆಮೇಲೆ ಸುಮಾರು 80 ವರ್ಷ ಎಲ್ಲರೂ ತೊಗಟೆಯನ್ನೇ ಕುಟ್ಟಿ ಕುಡಿಯುತ್ತಿದ್ದರು. ತೊಂದರೆ ಏನಪ್ಪಾ ಅಂದರೆ, ಒಂದು ಮರದ ತೊಗಟೆಯಲ್ಲಿ ಸತ್ವ ಜಾಸ್ತಿ, ಇನ್ನೊಂದರಲ್ಲಿ ಏನೇನೂ ಇಲ್ಲ. ಬೇರೆ ಮರದ ತೊಗಟೆ ಬೆರೆಸಿ ಮಾರುವವರೂ ಇದ್ದರು. ಒಬ್ಬರಿಗೆ ಜ್ವರ ಬಿಡುತ್ತಿತ್ತು, ಇನ್ನೊಬ್ಬರು ಅದೇ ಹೆಸರಿನ ಪುಡಿ ಕುಡಿದೂ ಜ್ವರದಿಂದ ಸಾಯುತ್ತಿದ್ದರು.

1820ರಲ್ಲಿ ಪ್ಯಾರಿಸ್‌ನ ಪೆಲೆಟಿಯೆ ಮತ್ತು ಕವಾಂಟೂ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಮಾಡುವ ವಿಧಾನವನ್ನು ಎಲ್ಲರಿಗೂ ತಿಳಿಸಿದರು. ಅಂದಿನಿಂದ ವೈದ್ಯರು ಪುಡಿಯ ಬದಲು ತೂಕ ಮಾಡಿದ ಔಷಧಿ ಕೊಡಲು ಸಾಧ್ಯವಾಯಿತು. ಔಷಧ ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆಗಳು ಕಡಿಮೆ ಅಂತ ನನ್ನ ಅಭಿಪ್ರಾಯ.

ಕ್ವಿನೈನ್ ಮಲೇರಿಯಾವನ್ನು ಹೇಗೆ ತಡೆಯುತ್ತದೆ?

ಮಲೇರಿಯಾ ಪರಾವಲಂಬಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೊಗ್ಲೋಬಿನ್ ತಿನ್ನುತ್ತದೆ. ತಿಂದಾಗ ಹೀಮ್ ಅನ್ನೋ ಕಬ್ಬಿಣದ ಅಂಶ ಉಳಿಯುತ್ತದೆ. ಅದು ಪರಾವಲಂಬಿಗೇ ವಿಷ. ಹಾಗಾಗಿ ಅದು ಹೀಮ್ ಅನ್ನು ಹರಳು ಮಾಡಿ ಪಕ್ಕಕ್ಕಿಡುತ್ತದೆ. ಕ್ವಿನೈನ್ ಮುಖ್ಯವಾಗಿ ಈ ಹರಳಾಗುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ತನ್ನದೇ ಕಸದಿಂದ ಪರಾವಲಂಬಿ ಸಾಯುತ್ತದೆ.

ಸಿಂಕೋನಾ ನೀಲಗಿರಿಗೆ ಹೇಗೆ ಬಂತು?

ಬ್ರಿಟಿಷರಿಗೆ ಭಾರತದಲ್ಲಿ ಮಲೇರಿಯಾ ದೊಡ್ಡ ತಲೆನೋವಾಗಿತ್ತು. ತೊಗಟೆಗೆ ದಕ್ಷಿಣ ಅಮೆರಿಕವನ್ನೇ ನಂಬಬೇಕಿತ್ತು. 1859ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ನೇತೃತ್ವದಲ್ಲಿ ಬೀಜ, ಸಸಿ ತರಲು ತಂಡ ಹೊರಟಿತು. ಮಾರ್ಕಮ್ ತಂದ ಸಸಿಗಳು ಬದುಕಲಿಲ್ಲ. ಸಸ್ಯವಿಜ್ಞಾನಿ ರಿಚರ್ಡ್ ಸ್ಪ್ರೂಸ್ ಈಕ್ವೆಡಾರ್‌ನಲ್ಲಿ ಕೂಡಿಸಿದ ಕೆಂಪು ತೊಗಟೆಯ ಜಾತಿ ನೀಲಗಿರಿಯ ಹವೆಗೆ ಒಗ್ಗಿತು. ಊಟಿ ಸಸ್ಯೋದ್ಯಾನದ ಮೆಕೈವರ್ ಅದನ್ನು ದೊಡ್ಡಬೆಟ್ಟ, ನಡುವಟ್ಟಂ ಕಡೆ ಬೆಳೆಸಿದ. ಮೈಸೂರಿನಿಂದ ಬಂಡೀಪುರ, ಗುಡಲೂರು ದಾಟಿ ಊಟಿಗೆ ಹೋಗುವವರು ಈ ನಡುವಟ್ಟಂ ಮೂಲಕವೇ ಹೋಗುತ್ತಾರೆ. ಬಂಗಾಳದ ಕಡೆ ಡಾರ್ಜಿಲಿಂಗ್ ಹತ್ತಿರದ ಮುಂಗ್ಪೂನಲ್ಲೂ ತೋಟ ಎದ್ದಿತು. 1892ರಿಂದ ಬಂಗಾಳದ ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಪೊಟ್ಟಣ ಪುಡಿಗಾಸಿಗೆ ಸಿಗುತ್ತಿತ್ತು.

ಇಲ್ಲಿ ಒಬ್ಬನ ಹೆಸರು ಹೇಳಲೇಬೇಕು: ಮಾನುವೆಲ್ ಇಂಕ್ರಾ ಮಮಾನಿ. ಬೊಲಿವಿಯಾದ ಐಮಾರಾ ಸಮುದಾಯದವನು. ಯಾವ ಮರದ ತೊಗಟೆಯಲ್ಲಿ ಸತ್ವ ಜಾಸ್ತಿ ಅಂತ ನೋಡಿದ ಕೂಡಲೇ ಹೇಳಬಲ್ಲವನು. ಇಂಗ್ಲಿಷ್ ವ್ಯಾಪಾರಿ ಚಾರ್ಲ್ಸ್ ಲೆಡ್ಜರ್‌ಗೋಸ್ಕರ ವರ್ಷಗಟ್ಟಲೆ ಕಾದು ಒಳ್ಳೆ ಮರದ ಬೀಜ ಕೂಡಿಸಿದ. 1865ರಲ್ಲಿ ಆ ಬೀಜ ಡಚ್ಚರ ಕೈ ಸೇರಿ ಜಾವಾದಲ್ಲಿ ಮೊಳಕೆಯೊಡೆಯಿತು. 1930ರ ದಶಕದ ಹೊತ್ತಿಗೆ ಜಗತ್ತಿನ ಕ್ವಿನೈನ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜಾವಾದ್ದೇ. ಮಮಾನಿಗೆ ಏನು ಸಿಕ್ಕಿತು? ಬೀಜ ಹೊರಗೆ ಕಳಿಸಿದ್ದಕ್ಕೆ ಜೈಲು, ಹೊಡೆತ. ಅದರಿಂದಲೇ ಅವನು ಸತ್ತ. ಆ ಮರದ ವೈಜ್ಞಾನಿಕ ಹೆಸರಲ್ಲಿ ಉಳಿದಿರುವುದು ಲೆಡ್ಜರ್ ಹೆಸರು. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗಲೂ ಮಲೇರಿಯಾಕ್ಕೆ ಕ್ವಿನೈನ್ ಕೊಡ್ತಾರಾ?

ಕಡಿಮೆಯಾಗಿದೆ. ಮೊದಲು ಕ್ಲೋರೊಕ್ವಿನ್ ಬಂತು, ಆಮೇಲೆ ಚೀನಾದ ಗಿಡವೊಂದರಿಂದ ಆರ್ಟೆಮಿಸಿನಿನ್ ಬಂತು. ತೀವ್ರ ಮಲೇರಿಯಾದಲ್ಲಿ ಕ್ವಿನೈನ್ ಮತ್ತು ಆರ್ಟೆಮಿಸಿನಿನ್ನಿಂದ ಮಾಡಿದ ಆರ್ಟೆಸುನೇಟ್ ಎರಡನ್ನೂ ಹೋಲಿಸಿ ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೋನೇಷ್ಯಾದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ ಬಂದದ್ದು 2005ರಲ್ಲಿ. ಕ್ವಿನೈನ್ ಪಡೆದವರಲ್ಲಿ 22 ಶೇಕಡಾ, ಆರ್ಟೆಸುನೇಟ್ ಪಡೆದವರಲ್ಲಿ 15 ಶೇಕಡಾ ಜನ ಸತ್ತಿದ್ದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಆರ್ಟೆಸುನೇಟ್‌ಗೆ ಮೊದಲ ಸ್ಥಾನ ಕೊಟ್ಟಿತು. ಅದು ಸಿಗದಿದ್ದಾಗ ಕ್ವಿನೈನ್ ಇನ್ನೂ ಜೀವ ಉಳಿಸುತ್ತದೆ.

ಅಂದಹಾಗೆ, ಟಾನಿಕ್ ವಾಟರ್‌ನ ಕಹಿ ಇದೇ ಕ್ವಿನೈನ್‌ನದು. ಅದನ್ನು ಅಲ್ಟ್ರಾವಯೊಲೆಟ್ ದೀಪದ ಕೆಳಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ಶಾಲೆಯ ಮಕ್ಕಳಿಗೆ ತೋರಿಸಲು ಚೆನ್ನಾಗಿರುತ್ತದೆ. ಆದರೆ ಅದು ಮಲೇರಿಯಾಕ್ಕೆ ಮದ್ದಲ್ಲ, ಅದರಲ್ಲಿರುವ ಪ್ರಮಾಣ ತೀರಾ ಕಡಿಮೆ. ಕ್ವಿನೈನ್ ಮಾತ್ರೆಯನ್ನು ಕಾಲು ಸೆಳೆತಕ್ಕೆ ಅಂತ ನೀವೇ ತೆಗೆದುಕೊಳ್ಳಲೂಬೇಡಿ. ಕಿವಿಯಲ್ಲಿ ಗುಂಯ್‌ಗುಡುವುದು, ಸಕ್ಕರೆ ಪ್ರಮಾಣ ಕುಸಿಯುವುದು, ಹೃದಯದ ಬಡಿತ ತಪ್ಪುವುದು ಅದರ ಅಡ್ಡಪರಿಣಾಮಗಳು.

ಬಾಣಕ್ಕೆ ಹಚ್ಚುವ ವಿಷ ಆಪರೇಷನ್ ಥಿಯೇಟರಿಗೆ ಬಂದದ್ದು ನಿಜಾನಾ?

ನಿಜ. ಆ ವಿಷದ ಹೆಸರು ಕ್ಯುರಾರೆ. ಅಮೆಜಾನ್ ಮತ್ತು ಒರಿನೊಕೊ ನದಿಗಳ ಕಾಡಿನ ಬೇಟೆಗಾರರು ಕೆಲವು ಬಳ್ಳಿಗಳ ತೊಗಟೆಯನ್ನು ಕುದಿಸಿ, ಗಟ್ಟಿ ಮಾಡಿ, ಬಾಣದ ತುದಿಗೆ ಹಚ್ಚುತ್ತಿದ್ದರು. ಕಾಸಿದ ಪಾಕ ಸರಿಯಾಗಿದೆಯಾ ಅಂತ ಪರೀಕ್ಷಿಸುವ ವಿಧಾನವೂ ಅವರಲ್ಲಿತ್ತು. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1800ರಲ್ಲಿ ಒರಿನೊಕೊ ದಂಡೆಯ ಎಸ್ಮೆರಾಲ್ಡಾದಲ್ಲಿ ಇದನ್ನು ತಯಾರಿಸುವುದನ್ನು ಎದುರಿಗೇ ನಿಂತು ನೋಡಿ ಬರೆದ.

1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಈ ವಿಷ ಚುಚ್ಚಲಾಯಿತು. ಉಸಿರು ನಿಂತಾಗ ತಿದಿಯಿಂದ ಶ್ವಾಸಕೋಶಕ್ಕೆ ಗಾಳಿ ಊದಿದರು. ವಿಷ ಇಳಿಯಿತು, ಕತ್ತೆ ಎದ್ದು ನಿಂತಿತು. ಆ ಕತ್ತೆ 1839ರವರೆಗೂ ಬದುಕಿತ್ತು! ಅಂದರೆ ಕ್ಯುರಾರೆ ಹೃದಯ ನಿಲ್ಲಿಸುವುದಿಲ್ಲ, ಉಸಿರಾಡುವ ಸ್ನಾಯುಗಳನ್ನು ಸಡಿಲ ಮಾಡುತ್ತದೆ. 1850ರ ದಶಕದಲ್ಲಿ ಕ್ಲಾಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ, ಕ್ಯುರಾರೆ ಕೆಲಸ ಮಾಡುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಅಂತ ತೋರಿಸಿದ. ನರ ಕಳಿಸುವ ಸಂದೇಶವನ್ನು ಸ್ನಾಯು ಕೇಳಿಸಿಕೊಳ್ಳುವ ಜಾಗವನ್ನೇ ಇದು ಮುಚ್ಚಿಬಿಡುತ್ತದೆ.

1935ರಲ್ಲಿ ಹೆರಾಲ್ಡ್ ಕಿಂಗ್, ಸಂಗ್ರಹಾಲಯದಲ್ಲಿದ್ದ ಹಳೆಯ ಕ್ಯುರಾರೆಯಿಂದ ಟ್ಯುಬೊಕ್ಯುರಾರಿನ್ ಬೇರ್ಪಡಿಸಿದ. 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ಕ್ಯುರಾರೆ ಬಳಸಿದರು. ಅದಕ್ಕೆ ಮುಂಚೆ ಹೊಟ್ಟೆಯ ಸ್ನಾಯು ಸಡಿಲವಾಗಬೇಕಾದರೆ ರೋಗಿಗೆ ತುಂಬಾ ಈಥರ್ ಕೊಡಬೇಕಿತ್ತು. ಅದರಿಂದಲೇ ಕೆಲವರು ಸಾಯುತ್ತಿದ್ದರು. ಕ್ಯುರಾರೆ ಬಂದ ಮೇಲೆ ಮತ್ತಿನ ಮದ್ದು ಸ್ವಲ್ಪವೇ ಸಾಕಾಯಿತು.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಕ್ಯುರಾರೆಯೇ ಮತ್ತು ಬರಿಸುತ್ತದೆ ಅಂತ ಕೆಲವು ವೈದ್ಯರು ನಂಬಿದ್ದರು. ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ಎಚ್ಚರವಾಗಿದ್ದುಕೊಂಡೇ ಟ್ಯುಬೊಕ್ಯುರಾರಿನ್ ಚುಚ್ಚಿಸಿಕೊಂಡ. ಮೈಯ ಒಂದು ಸ್ನಾಯುವೂ ಅಲ್ಲಾಡಲಿಲ್ಲ, ಕೃತಕವಾಗಿ ಉಸಿರು ಕೊಟ್ಟರು. ಆದರೆ ಸುತ್ತ ನಡೆದದ್ದೆಲ್ಲ ಅವನಿಗೆ ತಿಳಿಯುತ್ತಿತ್ತು, ನೋವೂ ತಿಳಿಯುತ್ತಿತ್ತು. 1947ರಲ್ಲಿ ಇದು ಪ್ರಕಟವಾಯಿತು. ಸ್ನಾಯು ಸಡಿಲಿಸುವ ಮದ್ದಿನ ಜೊತೆ ಮತ್ತಿನ ಮದ್ದು ಬೇಕೇ ಬೇಕು ಅನ್ನೋದರಲ್ಲಿ ಆಮೇಲೆ ಯಾರಿಗೂ ಸಂದೇಹ ಉಳಿಯಲಿಲ್ಲ. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಬಳಸುವ ಅಟ್ರಾಕ್ಯುರಿಯಂ, ವೆಕ್ಯುರೋನಿಯಂ ಕ್ಯುರಾರೆಯ ದಾರಿಯಲ್ಲೇ ಕೆಲಸ ಮಾಡುವ, ಕಾರ್ಖಾನೆಯಲ್ಲಿ ತಯಾರಾಗುವ ಮದ್ದುಗಳು.

ಹಾಗಾದರೆ ಆ ಬಾಣದಿಂದ ಸತ್ತ ಪ್ರಾಣಿಯನ್ನು ತಿಂದವರಿಗೆ ಏನೂ ಆಗುತ್ತಿರಲಿಲ್ಲವಾ?

ಇಲ್ಲ. ಕ್ಯುರಾರೆ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ರಕ್ತಕ್ಕೆ ನೇರವಾಗಿ ಹೋದರೆ ಮಾತ್ರ ಅಪಾಯ. ಕಾಡಿನ ಜನರಿಗೆ ಇದು ವಿಜ್ಞಾನಿಗಳಿಗಿಂತ ಬಹಳ ಮೊದಲೇ ಗೊತ್ತಿತ್ತು.

ಕೋಕಾ ಎಲೆ ಮತ್ತು ಕೊಕೇನ್ ಒಂದೇನಾ?

ಎಲೆಯೊಳಗೆ ಕೊಕೇನ್ ಇದೆ, ಆದರೆ ಶೇಕಡಾ ಒಂದರ ಆಸುಪಾಸಿನಲ್ಲಿ. ಪೆರು, ಬೊಲಿವಿಯಾದ ಬೆಟ್ಟದ ಜನ ಸಾವಿರಾರು ವರ್ಷಗಳಿಂದ ಈ ಎಲೆ ಜಗಿಯುತ್ತಾರೆ. ಹಸಿವು, ದಣಿವು, ಎತ್ತರದ ಜಾಗದ ತಲೆಸುತ್ತು ಕಡಿಮೆಯಾಗಲಿ ಅಂತ. ನಾವು ಎಲೆ ಅಡಿಕೆಗೆ ಸುಣ್ಣ ಹಚ್ಚುವ ಹಾಗೆ ಅವರೂ ಸುಣ್ಣ ಅಥವಾ ಬೂದಿ ಸೇರಿಸುತ್ತಾರೆ. ಎರಡೂ ಕಡೆ ಕಾರಣ ಒಂದೇ: ಕ್ಷಾರ ಸೇರಿದರೆ ಎಲೆ ಅಥವಾ ಅಡಿಕೆಯಲ್ಲಿ ಮೈಮೇಲೆ ಪರಿಣಾಮ ಮಾಡುವ ಅಂಶ (ಆಲ್ಕಲಾಯ್ಡ್) ಬಾಯಿಯ ಒಳಪೊರೆಯಿಂದ ಸಲೀಸಾಗಿ ಒಳಗೆ ಹೋಗುತ್ತದೆ.

1860ರಲ್ಲಿ ಜರ್ಮನಿಯ ಆಲ್ಬರ್ಟ್ ನೀಮನ್ ಎಲೆಯಿಂದ ಕೊಕೇನ್ ಬೇರ್ಪಡಿಸಿದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್, ಅದರ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ ಅಂತ ಕಂಡುಕೊಂಡ. ರೋಗಿ ಎಚ್ಚರವಿದ್ದಾಗಲೇ ನೋವಿಲ್ಲದೆ ಕಣ್ಣಿನ ಆಪರೇಷನ್ ಸಾಧ್ಯವಾಯಿತು. ಕೊಕೇನ್‌ನ ಚಟದ ಅಪಾಯ ಗೊತ್ತಾದ ಮೇಲೆ ರಸಾಯನಶಾಸ್ತ್ರಜ್ಞರು ಚಟ ಹಿಡಿಸದ ಪ್ರೊಕೇನ್ ಮಾಡಿದರು, ಆಮೇಲೆ ಲಿಡೊಕೇನ್ ಬಂತು. ಹಲ್ಲು ಕೀಳುವಾಗ ದಂತವೈದ್ಯರು ಕೊಡುವ ಇಂಜೆಕ್ಷನ್ ಅದೇ.

ಬಾಯಿ ಒಣಗುವ ರೋಗಿಗಳಿಗೆ ಕೊಡುವ ಪಿಲೊಕಾರ್ಪಿನ್ ಗಿಡದಿಂದಲೇ ಬರುತ್ತಾ?

ಹೌದು, ಇವತ್ತಿಗೂ. ಬ್ರೆಜಿಲ್‌ನ ಈಶಾನ್ಯ ಮತ್ತು ಉತ್ತರದ ಕಾಡುಗಳ ಜಬೊರಾಂಡಿ ಗಿಡದ ಎಲೆ ಇದರ ಮೂಲ. ಎಲೆ ಜಗಿದರೆ ಬಾಯಲ್ಲಿ ನೀರು ತುಂಬುತ್ತದೆ, ಬೆವರು ಸುರಿಯುತ್ತದೆ. ಸ್ಥಳೀಯರಿಗೆ ಇದು ಗೊತ್ತಿತ್ತು. ಬ್ರೆಜಿಲ್‌ನ ವೈದ್ಯ ಸಿಂಫ್ರೋನಿಯೊ ಕುಟಿನ್ಯೊ 1870ರ ದಶಕದಲ್ಲಿ ಎಲೆಗಳನ್ನು ಪ್ಯಾರಿಸ್‌ಗೆ ಒಯ್ದ. 1875ರಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರು ಬೇರೆ ಬೇರೆಯಾಗಿಯೇ ಪಿಲೊಕಾರ್ಪಿನ್ ಕಂಡುಹಿಡಿದರು. ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ರೋಗಕ್ಕೆ ಕಣ್ಣಿನ ಹನಿಯಾಗಿ ಬಹಳ ಕಾಲ ಇದೇ ಆಸರೆ. ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಕೊಟ್ಟಾಗ ಜೊಲ್ಲು ಗ್ರಂಥಿ ಹಾಳಾಗಿ ಬಾಯಿ ಒಣಗುತ್ತದೆ, ಊಟ ನುಂಗಲಾಗುವುದಿಲ್ಲ. ಅಂಥವರಿಗೆ ಇದರ ಮಾತ್ರೆ ಕೊಡುತ್ತಾರೆ. ತಂಬಾಕು, ಅಡಿಕೆಯ ಕಾರಣಕ್ಕೆ ನಮ್ಮಲ್ಲಿ ಬಾಯಿ ಕ್ಯಾನ್ಸರ್ ಎಷ್ಟು ಅಂತ ನಿಮಗೇ ಗೊತ್ತಲ್ವಾ.

ಕಾಡಿನಿಂದ ಎಲೆ ಕಿತ್ತು ಕಿತ್ತು ಈ ಗಿಡ ಬ್ರೆಜಿಲ್‌ನ ಅಳಿವಿನಂಚಿನ ಪಟ್ಟಿ ಸೇರಿತು. ಈಗ ತೋಟಗಳಲ್ಲೂ ಬೆಳೆಯುತ್ತಾರೆ. ಎಲೆ ಕೀಳುವ ಕುಟುಂಬಗಳು ಬೇರಿಗೆ, ಕೊಂಬೆಗೆ ಪೆಟ್ಟಾಗದ ಹಾಗೆ ಕೊಯ್ದು, ಗಿಡ ಚಿಗುರಲು ಬಿಟ್ಟರೆ ಗಿಡವೂ ಉಳಿಯುತ್ತದೆ, ಅವರ ಸಂಪಾದನೆಯೂ ಉಳಿಯುತ್ತದೆ.

ಇಪೆಕಾಕ್‌ಗೂ ಕಲ್ಕತ್ತಾಕ್ಕೂ ಏನು ಸಂಬಂಧ?

ಇಪೆಕಾಕ್ ಬ್ರೆಜಿಲ್ ಕಡೆಯ ಪುಟ್ಟ ಗಿಡ, ಇದೂ ಕಾಫಿ ಕುಟುಂಬದ್ದೇ. ಇದರ ಬೇರಿನ ಎಮೆಟಿನ್ ಅಮೀಬಾ ಆಮಶಂಕೆಗೆ ಮದ್ದು ಅಂತ 1912ರಲ್ಲಿ ಕಲ್ಕತ್ತಾದ ಲಿಯೊನಾರ್ಡ್ ರಾಜರ್ಸ್ ಇಂಜೆಕ್ಷನ್ ಕೊಟ್ಟು ತೋರಿಸಿದ. ಹೃದಯಕ್ಕೆ ಹಾನಿ ಮಾಡುವುದರಿಂದ ಈಗ ಆ ಜಾಗವನ್ನು ಮೆಟ್ರೊನಿಡಜೋಲ್ ತೆಗೆದುಕೊಂಡಿದೆ.

ಲಕ್ಷ್ಮಣ ಫಲ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಮನೆಯಲ್ಲೊಬ್ಬರು ಹಾಸಿಗೆ ಹಿಡಿದಿದ್ದಾರೆ ಅನ್ನೋದು ಗೊತ್ತಾಗುತ್ತದೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ವಾಸಿಯಾಗುತ್ತದೆ ಅನ್ನಲು ಆಧಾರ ಇಲ್ಲ.

ಲಕ್ಷ್ಮಣ ಫಲ, ಅಂದರೆ ಅನೋನಾ ಮ್ಯುರಿಕೇಟಾ, ಸೀತಾಫಲ, ರಾಮಫಲಗಳ ನೆಂಟ. ಇದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಇದರಲ್ಲಿ ಅಸಿಟೊಜೆನಿನ್ ಅನ್ನೋ ಗುಂಪಿನ ರಾಸಾಯನಿಕಗಳಿವೆ. ಅವು ಜೀವಕೋಶದ ಶಕ್ತಿ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಇದರಿಂದ ಸಾಯುತ್ತವೆ, ಅದು ನಿಜ. ವಾಟ್ಸಾಪಿನಲ್ಲಿ ತಿರುಗುವ "ಕಿಮೊಗಿಂತ 10,000 ಪಟ್ಟು ಶಕ್ತಿ" ಅನ್ನೋ ಮಾತು 1996ರ ಒಂದು ಪ್ರಯೋಗದಿಂದ ಬಂದದ್ದು. ಅಲ್ಲಿ ಬೀಜದಿಂದ ತೆಗೆದ ಒಂದೇ ಒಂದು ರಾಸಾಯನಿಕವನ್ನು ಒಂದೇ ಬಗೆಯ ಕರುಳಿನ ಕ್ಯಾನ್ಸರ್ ಕೋಶದ ಮೇಲೆ ಹಾಕಿ ನೋಡಿದ್ದರು. ಆ ಪ್ರಯೋಗದಲ್ಲಿ ಹಣ್ಣು ತಿಂದವರು ಯಾರೂ ಇರಲಿಲ್ಲ, ರೋಗಿಗಳೂ ಇರಲಿಲ್ಲ. ತಟ್ಟೆಯಲ್ಲಿ ಕೋಶ ಕೊಲ್ಲುವ ವಸ್ತುಗಳು ಸಾವಿರಾರು ಇವೆ. ರಕ್ತದಲ್ಲಿ ಅಷ್ಟು ಪ್ರಮಾಣ ತಲುಪಬೇಕು, ಒಳ್ಳೆಯ ಕೋಶಕ್ಕೆ ಹಾನಿಯಾಗಬಾರದು. ಹೆಚ್ಚಿನವು ಅಲ್ಲೇ ಸೋಲುತ್ತವೆ.

ಹಾನಿಯ ಸುಳಿವೂ ಇದೆ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ, ಮಾಮೂಲಿ ಮದ್ದಿಗೆ ಬಗ್ಗದ ನರರೋಗ ಜಾಸ್ತಿ ಕಂಡುಬಂತು. ಈ ಹಣ್ಣು ಮತ್ತು ಇದರ ಎಲೆಯ ಕಷಾಯವನ್ನು ತುಂಬಾ ಬಳಸುವುದಕ್ಕೂ ಆ ರೋಗಕ್ಕೂ ನಂಟು ಇರಬಹುದು ಅಂತ 1999ರಲ್ಲಿ ವೈದ್ಯರು ಎಚ್ಚರಿಸಿದರು. ಅಪರೂಪಕ್ಕೆ ಒಂದು ಹಣ್ಣು ರುಚಿಗೆ ತಿನ್ನಿ. ದಿನಾ ಎಲೆ ಕುದಿಸಿ ಕುಡಿಯಬೇಡಿ. ಕಿಮೊ ನಿಲ್ಲಿಸಿ ಇದನ್ನು ಹಿಡಿಯುವುದಂತೂ ಬೇಡವೇ ಬೇಡ. ಕಿಮೊ ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಬೆಂಗಳೂರಿನ ರಸ್ತೆಗಳ ಗುಲಾಬಿ ಟಬೂಬಿಯಾ ಔಷಧಿ ಮರವಂತೆ, ಹೌದಾ?

ಅದರಲ್ಲಿ ಒಂದು ಜಾತಿಯ ಒಳತೊಗಟೆ ದಕ್ಷಿಣ ಅಮೆರಿಕದಲ್ಲಿ "ಪಾವ್ ದಾರ್ಕೊ" ಅಂತ ಹೆಸರುವಾಸಿ ಮನೆಮದ್ದು. ಈ ಗುಂಪಿನ ಮರಗಳ ಲಪಾಕೊಲ್ ಅನ್ನೋ ಅಂಶವನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಪರೀಕ್ಷಿಸಿತ್ತು. ಕೆಲಸ ಮಾಡುವಷ್ಟು ಪ್ರಮಾಣ ರಕ್ತಕ್ಕೆ ಸೇರಬೇಕಾದರೆ ವಾಂತಿ, ರಕ್ತ ಹೆಪ್ಪುಗಟ್ಟದಿರುವಂಥ ತೊಂದರೆಗಳು ಶುರುವಾಗುತ್ತಿದ್ದವು. 1970ರ ದಶಕದಲ್ಲಿ ಕೈಬಿಟ್ಟರು. ರಸ್ತೆ ಬದಿಯ ಮರದ ತೊಗಟೆ ಕೆತ್ತಬೇಡಿ, ಹೂವನ್ನು ನೋಡಿ ಖುಷಿಪಡಿ.

ನಮ್ಮ ಶಿವನ ಗುಡಿಗಳ ಮುಂದಿನ ನಾಗಲಿಂಗ ಮರದ ತವರೂ ದಕ್ಷಿಣ ಅಮೆರಿಕವೇ ಅಂದರೆ ತುಂಬಾ ಜನ ನಂಬುವುದಿಲ್ಲ. ಅದರ ಕಾಯಿಯಲ್ಲಿ ಟ್ರಿಪ್ಟಾಂತ್ರಿನ್, ಇಂಡಿರುಬಿನ್ ಅನ್ನೋ ರಾಸಾಯನಿಕಗಳು ಸಿಕ್ಕಿವೆ. ಅದಿನ್ನೂ ಪ್ರಯೋಗಾಲಯದ ಹಂತ.

ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ಬಂದಿದೆಯಲ್ಲ, ಅದೂ ಅಲ್ಲಿಯದೇನಾ?

ಅಲ್ಲ, ಅದು ಮಡಗಾಸ್ಕರ್‌ನ ಗಿಡ.

ಒಂದು ಗಿಡ ಔಷಧಿಯಾಗಲು ಎಷ್ಟು ಕಾಲ ಬೇಕು? ನಡುವೆ ಏನೇನು ನಡೆಯುತ್ತದೆ?

ಮೊದಲ ಕೆಲಸ ಕೇಳಿಸಿಕೊಳ್ಳುವುದು. ಹಾರ್ವರ್ಡ್‌ನ ರಿಚರ್ಡ್ ಇವಾನ್ಸ್ ಶುಲ್ಟಸ್ 1941ರಿಂದ ಸುಮಾರು 12 ವರ್ಷ ಕೊಲಂಬಿಯಾದ ಅಮೆಜಾನ್‌ನಲ್ಲಿ ಸ್ಥಳೀಯರ ಜೊತೆ ಓಡಾಡಿ 20,000ಕ್ಕೂ ಹೆಚ್ಚು ಸಸ್ಯ ಮಾದರಿ ಕೂಡಿಸಿದ. ಎಲೆ, ಹೂವು ಒಣಗಿಸಿ, ಎಲ್ಲಿ, ಯಾವಾಗ, ಯಾರು ಕಿತ್ತರು ಅಂತ ಬರೆದ ಹಾಳೆ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇರಲೇಬೇಕು. ಅದಿಲ್ಲದಿದ್ದರೆ ಮುಂದಿನ ರಸಾಯನಶಾಸ್ತ್ರವೆಲ್ಲ ಯಾವ ಗಿಡದ್ದು ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಸಾರ ತೆಗೆದು ಭಾಗ ಮಾಡುತ್ತಾರೆ, ಯಾವ ಭಾಗಕ್ಕೆ ಗುಣ ಇದೆಯೋ ಅದನ್ನು ಮತ್ತೆ ಭಾಗ ಮಾಡುತ್ತಾರೆ. ಕೊನೆಗೆ ಉಳಿದ ಅಣುವಿನ ರಚನೆ ಬಿಡಿಸುತ್ತಾರೆ. ಬಳಿಕ ಪ್ರಾಣಿಗಳು, ಕೊನೆಗೆ ಮನುಷ್ಯರು.

ಒಳ್ಳೆಯ ಉದಾಹರಣೆ ಕ್ರೋಟನ್ ಲೆಕ್ಲೆರಿ. ಪೆರು, ಈಕ್ವೆಡಾರ್ ಕಡೆ ಇದರ ಕಾಂಡಕ್ಕೆ ಗಾಯ ಮಾಡಿದರೆ ರಕ್ತದಂಥ ಕೆಂಪು ಹಾಲು ಒಸರುತ್ತದೆ. ಗಾಯಕ್ಕೆ ಹಚ್ಚುತ್ತಾರೆ, ಭೇದಿಗೆ ಕುಡಿಯುತ್ತಾರೆ. ಕಾಡಿನ ವೈದ್ಯರ ಅರಿವಿನಿಂದಲೇ ಔಷಧಿ ಹುಡುಕಬೇಕು ಅಂತ 1989ರಲ್ಲಿ ಶಮನ್ ಫಾರ್ಮಸ್ಯುಟಿಕಲ್ಸ್ ಅನ್ನೋ ಕಂಪನಿ ಶುರುವಾಯಿತು. ಕೆಂಪು ಹಾಲಿನಿಂದ ಕ್ರೊಫೆಲೆಮರ್ ತೆಗೆದರು. ಅದು ಕರುಳಿನ ಗೋಡೆಯ ಕ್ಲೋರೈಡ್ ದಾರಿಗಳನ್ನು ಮುಚ್ಚಿ, ನೀರು ಹೊರಗೆ ಸುರಿಯುವುದನ್ನು ತಡೆಯುತ್ತದೆ. ಕಂಪನಿ ದಿವಾಳಿಯಾಯಿತು, ಕೆಲಸ ಬೇರೆ ಕಂಪನಿಗೆ ಹೋಯಿತು. ಎಚ್‌ಐವಿ ರೋಗಿಗಳ ಭೇದಿಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2012ರ ಕೊನೆಯಲ್ಲಿ. 20 ವರ್ಷಕ್ಕೂ ಹೆಚ್ಚು ಹಿಡಿಯಿತು ಅಂತಾಯಿತು.

ಗಿಡದ ಗುಣ ಹೇಳಿಕೊಟ್ಟ ಜನರಿಗೆ ಲಾಭದಲ್ಲಿ ಪಾಲು ಸಿಗುತ್ತಾ?

ಬಹಳ ಕಾಲ ಸಿಗಲಿಲ್ಲ. ಅಮೆಜಾನ್ ಜನರಿಗೆ ಪವಿತ್ರವಾದ ಅಯಾವಾಸ್ಕ ಬಳ್ಳಿಯ ಒಂದು ಬಗೆಗೆ 1986ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟರು. ಮೂಲನಿವಾಸಿಗಳ ಒಕ್ಕೂಟ ಹೋರಾಡಿದ ಮೇಲೆ 1999ರಲ್ಲಿ ರದ್ದಾಯಿತು, 2001ರಲ್ಲಿ ಮತ್ತೆ ಊರ್ಜಿತವಾಯಿತು, 2003ರಲ್ಲಿ ಅವಧಿ ಮುಗಿಯಿತು. ನಮ್ಮ ಅರಿಶಿನದ ಪೇಟೆಂಟ್ ಗೊತ್ತಲ್ವಾ? ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಬರಹಗಳನ್ನು ತೋರಿಸಿ 1997ರಲ್ಲಿ ರದ್ದು ಮಾಡಿಸಿತು. ನಮ್ಮಲ್ಲಿ ಬರೆದಿಟ್ಟದ್ದು ಇತ್ತು. ಅಮೆಜಾನ್‌ನ ಅರಿವು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದದ್ದು, ಅದನ್ನು ಪೇಟೆಂಟ್ ಕಚೇರಿಗೆ ತೋರಿಸುವುದು ಕಷ್ಟ.

1992ರ ಜೀವವೈವಿಧ್ಯ ಒಪ್ಪಂದ, 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಈ ಅನ್ಯಾಯ ಸರಿಪಡಿಸಲು ಬಂದವು. ಮೊದಲೇ ಅನುಮತಿ ಕೇಳಬೇಕು, ಲಾಭ ಹಂಚಬೇಕು ಅನ್ನೋದು ಅವುಗಳ ತಿರುಳು. ಭಾರತದಲ್ಲೂ 2002ರ ಜೀವವೈವಿಧ್ಯ ಕಾಯಿದೆ ಇದೆ. ನಿಯಮಗಳಿಂದ ಕಾಗದಪತ್ರ ಜಾಸ್ತಿಯಾಯಿತು ಅಂತ ಸಂಶೋಧಕರು ಗೊಣಗುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ, ಆದರೂ ಕೇಳದೆ ತೆಗೆದುಕೊಂಡು ಹೋಗುತ್ತಿದ್ದ ಕಾಲಕ್ಕೆ ವಾಪಸ್ ಹೋಗಬಾರದು ಅಂತಲೇ ನಾನು ಹೇಳುತ್ತೇನೆ.

ಈ ವಿಷಯ ಓದಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ಗಟ್ಟಿ ಮಾಡಿಕೊಳ್ಳಿ. ಮುಂದೆ ದಕ್ಷಿಣ ಅಮೆರಿಕದಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಕಲಿಯಿರಿ. ಮನಾವ್ಸ್‌ನ ಅಮೆಜಾನ್ ಸಂಶೋಧನಾ ಸಂಸ್ಥೆ, ಬೆಲೆಮ್‌ನ ಗೋಯೆಲ್ಡಿ ಸಂಗ್ರಹಾಲಯ ಈ ಕ್ಷೇತ್ರದ ದೊಡ್ಡ ಕೇಂದ್ರಗಳು. ಗಿಡ ಗುರುತಿಸುವುದನ್ನು ಮಾತ್ರ ಈಗಲೇ, ನಿಮ್ಮ ಊರಿನಲ್ಲೇ ಶುರು ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಯಲಹಂಕ ಹತ್ತಿರದ ಔಷಧಿ ಗಿಡಗಳ ಸಂಸ್ಥೆ ಎಫ್‌ಆರ್‌ಎಲ್‌ಎಚ್‌ಟಿಯಲ್ಲಿ ಹರ್ಬೇರಿಯಂಗಳಿವೆ. ಮೊದಲು ಬರೆದು ಅನುಮತಿ ಕೇಳಿ. ಹೋಗುವಾಗ ನಿಮಗೆ ಗುರುತು ಸಿಗದ ಗಿಡದ ಒಂದು ಕೊಂಬೆಯನ್ನು ಹೂವಿನ ಸಮೇತ ಹಳೆಯ ಪೇಪರ್ ನಡುವೆ ಒತ್ತಿ ಒಣಗಿಸಿ ಒಯ್ಯಿರಿ. ಕಿತ್ತ ಜಾಗ, ದಿನಾಂಕ, ಅಲ್ಲಿನ ಜನ ಅದಕ್ಕೆ ಕರೆಯುವ ಹೆಸರು, ಅದನ್ನು ಹೇಳಿಕೊಟ್ಟವರ ಹೆಸರು, ಇವಿಷ್ಟನ್ನು ಅವರ ಒಪ್ಪಿಗೆ ಪಡೆದು ಚೀಟಿಯಲ್ಲಿ ಬರೆದಿರಿ.